ಪೆಲೆ ಪ್ರತಿಮೆಯ ಊರಲ್ಲಿ ರಾಮನ್ ಯಾರು? ಬೆಂಗಳೂರು ಮರೆತ ಫುಟ್‌ಬಾಲ್ ವೀರರ ಕತೆ

ಹಲಸೂರಿನ ಪಕ್ಕದ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಇರುವ ಸಾಲಿನಲ್ಲೇ ಪೆಲೆ ಕೂಡ ನಿಂತಿದ್ದಾರೆ. ವಿಶ್ವಕಪ್ ಬಂತೆಂದರೆ ಅಲ್ಲಿನ ಬೀದಿಗಳು ಹಳದಿ-ಹಸಿರಾಗುತ್ತವೆ. ಜನ ಆ ಬಡಾವಣೆಯನ್ನು 'ಮಿನಿ ಬ್ರೆಜಿಲ್' ಅಂತಲೇ ಕರೆಯುತ್ತಾರೆ. ಒಬ್ಬ ಚೆಂಡಾಟದವನನ್ನು ಬುದ್ಧನ ಪಕ್ಕ ನಿಲ್ಲಿಸುವಷ್ಟು ಪ್ರೀತಿ ಇರುವ ಬೀದಿ ನಮ್ಮ ಊರಲ್ಲೇ ಇದೆ ಅನ್ನೋದು ನನಗೆ ಇವತ್ತಿಗೂ ಹೆಮ್ಮೆ.

ಭಾನುವಾರ ಬೆಳಿಗ್ಗೆ ನಾನು ಆಸ್ಟಿನ್ ಟೌನ್ ಕಡೆ ಒಂದಷ್ಟು ಮಕ್ಕಳ ಜೊತೆ ಗ್ರೌಂಡಿನಲ್ಲಿರುತ್ತೇನೆ. ಕೋನ್ ಜೋಡಿಸುವುದು, ಬಿಬ್ ಹಂಚುವುದು, ನೀರಿನ ಕ್ಯಾನ್ ತುಂಬಿಸುವುದು ನನ್ನ ಕೆಲಸ. ಒಂದು ದಿನ ಆಟ ಮುಗಿದ ಮೇಲೆ ಕೇಳಿದೆ: ಸ್ವಾತಂತ್ರ್ಯ ಬಂದ ಮೇಲೆ ಭಾರತಕ್ಕೆ ಮೊದಲ ಅಂತರರಾಷ್ಟ್ರೀಯ ಗೋಲು ಹೊಡೆದವರು ಯಾರು? "ಛೆಟ್ರಿ ಸರ್" ಅಂದ ಒಬ್ಬ. "ಭುಟಿಯಾ" ಅಂದ ಇನ್ನೊಬ್ಬ. ಸಾರಂಗಪಾಣಿ ರಾಮನ್ ಅಂತ ಹೇಳಿದೆ. ಯಾರ ಮುಖದಲ್ಲೂ ಏನೂ ಬದಲಾಗಲಿಲ್ಲ. "ನಮ್ಮ ಬೆಂಗಳೂರಿನವರು ಕಣ್ರೋ" ಅಂದೆ. ಆಗ ಎಲ್ಲರೂ ತಿರುಗಿ ನೋಡಿದರು.

ಆ ತಿರುಗಿ ನೋಡುವ ಕ್ಷಣ ನನಗೆ ತುಂಬಾ ಮುಖ್ಯ. ಇಷ್ಟು ದೊಡ್ಡ ಫುಟ್‌ಬಾಲ್ ಇತಿಹಾಸ ಇರುವ ಊರು ಅದನ್ನು ಮರೆತದ್ದು ಹೇಗೆ, ಅದನ್ನು ನೆನಪಿಸಿಕೊಂಡರೆ ಮಕ್ಕಳ ಆಟಕ್ಕೆ ಏನಾಗುತ್ತದೆ ಅನ್ನುವುದನ್ನು ಬಿಡಿಸಿ ನೋಡೋಣ.

ಮೊದಲು ಆ ಗೋಲಿನ ವಿಷಯ. 1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಇಲ್‌ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಭಾರತಕ್ಕೆ ಫ್ರಾನ್ಸ್ ಎದುರಾಳಿ. ಸ್ವಾತಂತ್ರ್ಯ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ನಾಗಾ ಬೆಟ್ಟಗಳಿಂದ ಬಂದ ಡಾಕ್ಟರ್ ತಾಲಿಮೆರೆನ್ ಆವೊ ನಾಯಕ. ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟಿಲ್ಲ. ಗೋಲ್‌ಕೀಪರ್ ಬೆಂಗಳೂರಿನ ವರದರಾಜ್. ಮುಂದಿನ ಸಾಲಿನಲ್ಲಿ ಬೆಂಗಳೂರಿನ ಅಹ್ಮದ್ ಖಾನ್, ಬೆಂಗಳೂರಿನ ರಾಮನ್. 30ನೇ ನಿಮಿಷದಲ್ಲಿ ಫ್ರಾನ್ಸ್ ಗೋಲು ಹೊಡೆಯಿತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಅದೇ ಪಂದ್ಯದಲ್ಲಿ ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಗೋಲಾಗಲಿಲ್ಲ. 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಆಗ ನಮ್ಮ ದೇಶದೊಳಗಿನ ಪಂದ್ಯಗಳು 90 ನಿಮಿಷಕ್ಕಿಂತ ಚಿಕ್ಕವು. ಆ ಕೊನೆಯ ನಿಮಿಷಗಳು ನಮ್ಮ ಹುಡುಗರ ಕಾಲಿಗೆ ಎಷ್ಟು ಭಾರವಾಗಿದ್ದವೋ ಅಂತ ಯೋಚಿಸಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ.

ಇಲ್ಲಿ ಒಂದು ಮಾತು. 1950ರ ವಿಶ್ವಕಪ್‌ಗೆ ಭಾರತ ಹೋಗದಿದ್ದದ್ದು ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅನ್ನುವ ಕಾರಣಕ್ಕೆ ಅಂತ ಇವತ್ತೂ ಜನ ಹೇಳುತ್ತಾರೆ. ಅದು ಕಟ್ಟುಕತೆ. ಆಗಿನ ಆಡಳಿತದವರಿಗೆ ಒಲಿಂಪಿಕ್ಸ್ ದೊಡ್ಡದಾಗಿ ಕಾಣುತ್ತಿತ್ತು, ವಿಶ್ವಕಪ್ ಅಷ್ಟು ಮುಖ್ಯ ಅನ್ನಿಸಲೇ ಇಲ್ಲ. ನಮ್ಮ ಆಟಗಾರರನ್ನು ನೆನೆಯುವಾಗ ಇಂಥ ಕಟ್ಟುಕತೆಗಳು ಬೇಡ. ನಿಜವೇ ಸಾಕಷ್ಟು ದೊಡ್ಡದಿದೆ.

ಒಂದೇ ಊರಿನ ಇಷ್ಟು ಜನ ಒಂದೇ ಒಲಿಂಪಿಕ್ ತಂಡಕ್ಕೆ ಹೇಗೆ ಬಂದರು? ಉತ್ತರ ದಂಡಿನಲ್ಲಿದೆ. ಹಳೇ ಬೆಂಗಳೂರಿನವರು ಊರನ್ನು ಎರಡು ಭಾಗ ಮಾಡಿ ಮಾತಾಡುತ್ತಿದ್ದರು: ಪೇಟೆ, ದಂಡು. ಪೇಟೆ ಮಹಾರಾಜರ ಮೈಸೂರಿಗೆ ಸೇರಿದ್ದು. ದಂಡು ಅಂದರೆ ಕಂಟೋನ್ಮೆಂಟ್, 1809ರಲ್ಲಿ ಬ್ರಿಟಿಷ್ ಸೈನ್ಯ ಬಂದು ನೆಲೆಯಾದ ಜಾಗ. ಸೈನಿಕರು ಸಂಜೆ ಚೆಂಡು ಆಡುತ್ತಿದ್ದರು. ಸುತ್ತ ಇದ್ದವರು ಅವರಿಗೆ ಅಡುಗೆ ಮಾಡುವವರು, ಬಟ್ಟೆ ಒಗೆಯುವವರು, ಬೂಟು ಹೊಲಿಯುವವರು, ಅಂಗಡಿ ಇಟ್ಟವರು. ಅವರ ಮಕ್ಕಳು ಗೆರೆಯಾಚೆ ನಿಂತು ನೋಡಿದರು. ಚೆಂಡು ಆಚೆ ಬಂದಾಗ ಒದ್ದು ವಾಪಸ್ ಕಳಿಸಿದರು. ಆಮೇಲೆ ತಾವೇ ಆಡಿದರು. ಶಿವಾಜಿನಗರ, ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಕಾಕ್ಸ್ ಟೌನ್, ಗೌತಮಪುರ: ಇವತ್ತಿಗೂ ಫುಟ್‌ಬಾಲ್ ಉಸಿರಾಡುವ ಬಡಾವಣೆಗಳೆಲ್ಲ ಈ ಕಡೆಯವೇ. ಇದು ಆಕಸ್ಮಿಕ ಅಲ್ಲ.

ಬೂಟು ಕೊಳ್ಳಲು ದುಡ್ಡಿಲ್ಲದವರು ಬರಿಗಾಲಲ್ಲಿ ಆಡಿದರು. ಪಾದದ ಗಂಟಿಗೆ ಬಟ್ಟೆಪಟ್ಟಿ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದರು, ಅಷ್ಟೇ ರಕ್ಷಣೆ. ಬರಿಗಾಲಲ್ಲಿ ಬೆರಳ ತುದಿಯಿಂದ ಚೆಂಡು ಒದೆಯಲು ಆಗಲ್ಲ, ಉಗುರು ಕಿತ್ತುಬರುತ್ತದೆ. ಹಾಗಾಗಿ ಪಾದದ ಒಳಬದಿ, ಮೇಲ್ಬದಿ ಬಳಸಲೇಬೇಕು. ಎದುರಿಗೆ ಬೂಟು ತೊಟ್ಟ ದೊಡ್ಡ ಆಳು ಬರುವಾಗ ಮೈಗೆ ಮೈ ಕೊಡಲು ಹೋದರೆ ಕಾಲೇ ಹೋಗುತ್ತದೆ. ಅವನು ಹತ್ತಿರ ಬರುವ ಮೊದಲೇ ಚೆಂಡನ್ನು ಬೇರೆಯವರಿಗೆ ದಾಟಿಸಬೇಕು, ಇಲ್ಲ ಅವನನ್ನು ಒಂದು ಕಡೆ ವಾಲಿಸಿ ಇನ್ನೊಂದು ಕಡೆ ನುಸುಳಬೇಕು. ಸಣ್ಣ ಪಾಸು, ಚುರುಕು ತಿರುವು, ಕಾಲಿಗೆ ಅಂಟಿದ ಚೆಂಡು. ಈ ಊರಿನ ಆಟದ ಗುಣ ಹುಟ್ಟಿದ್ದು ಹೀಗೆ.

ಈಗ 1937ಕ್ಕೆ ಬನ್ನಿ. ಬೊಂಬಾಯಿಯ ರೋವರ್ಸ್ ಕಪ್ 1891ರಿಂದ ನಡೆಯುತ್ತಿತ್ತು. ಅಷ್ಟೂ ವರ್ಷ ಅದನ್ನು ಗೆದ್ದದ್ದು ಬ್ರಿಟಿಷ್ ತಂಡಗಳು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಸೋತವರೂ ಸಾಮಾನ್ಯರಲ್ಲ. ಆ ಕಾಲದಲ್ಲಿ ಕಲ್ಕತ್ತಾ ಲೀಗನ್ನು ವರ್ಷವರ್ಷವೂ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್. ಮರುವರ್ಷ ಬೆಂಗಳೂರಿನವರು ಒಂದು ಬ್ರಿಟಿಷ್ ಪಲ್ಟನ್ನನ್ನು 3-2ರಲ್ಲಿ ಸೋಲಿಸಿ ಕಪ್ ಉಳಿಸಿಕೊಂಡರು. 1948ರಲ್ಲಿ ಮತ್ತೆ ಗೆದ್ದರು. 1911ರಲ್ಲಿ ಕಲ್ಕತ್ತಾದ ಮೋಹನ್ ಬಗಾನ್ ಕ್ಲಬ್ ಬ್ರಿಟಿಷರನ್ನು ಸೋಲಿಸಿದ್ದು ಬಂಗಾಳದ ಪ್ರತಿ ಮಗುವಿಗೂ ಗೊತ್ತು. ಅದರ ಮೇಲೆ ಹಾಡಿದೆ, ಸಿನಿಮಾ ಇದೆ, ಅಲ್ಲಿ ಪ್ರತಿವರ್ಷ ಜುಲೈ 29 ಹಬ್ಬ. ನಮ್ಮ 1937 ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಈ ಒಂದು ಹೋಲಿಕೆ ನನ್ನನ್ನು ಜಾಸ್ತಿ ಕಾಡುತ್ತದೆ.

ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯಲ್ಲೂ ಅದೇ ಕತೆ. ಮೈಸೂರು ತಂಡ, ಅಂದರೆ ನಮ್ಮ ರಾಜ್ಯದ ತಂಡ, 1946-47ರಲ್ಲಿ ಗೆದ್ದಿತು. 1952-53ರಲ್ಲಿ ಗೆದ್ದಿತು. 1967-68, 1968-69ರಲ್ಲಿ ಸತತ ಎರಡು ಸಲ ಗೆದ್ದಿತು. ನಾಲ್ಕೂ ಫೈನಲ್‌ಗಳಲ್ಲಿ ಎದುರಾಳಿ ಬಂಗಾಳವೇ.

ಹಾಗಾದರೆ ಮರೆವು ಎಲ್ಲಿಂದ ಶುರುವಾಯಿತು? ನನಗೆ ಕಾಣುವ ಮೊದಲ ಕಾರಣ ತೀರಾ ಸರಳ. ಹೆಸರು. ದಾಖಲೆಗಳಲ್ಲಿ ಈ ಗೆಲುವುಗಳೆಲ್ಲ 'ಮೈಸೂರು' ಅಂತ ಇವೆ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕ ಆಯಿತು. ಆಮೇಲೆ ಹುಟ್ಟಿದ ಹುಡುಗ ಪಟ್ಟಿ ತೆಗೆದು ನೋಡಿದರೆ 'ಮೈಸೂರು' ಅಂದರೆ ಅರಮನೆಯ ಊರು ಅಂದುಕೊಳ್ಳುತ್ತಾನೆ. ಕರ್ನಾಟಕ ಅಂತ ಹುಡುಕಿದರೆ ಆ ಪಟ್ಟಿಯಲ್ಲಿ 2023ರವರೆಗೆ ಏನೂ ಸಿಗಲ್ಲ. ಆಟಗಾರರ ಹೆಸರಿಗೂ ಇದೇ ಗತಿ. ಹಳೆಯ ಪಟ್ಟಿಗಳಲ್ಲಿ ಸುಮ್ನೆ 'ರಾಮನ್', 'ಬಶೀರ್', 'ಕಣ್ಣಯ್ಯನ್' ಅಂತ ಇರುತ್ತದೆ. ಊರಿಲ್ಲ, ತಂದೆ ಹೆಸರಿಲ್ಲ. ಅಂಥ ಹೆಸರು ಯಾರದ್ದೂ ಆಗಬಹುದು, ಹಾಗಾಗಿ ಯಾರದ್ದೂ ಆಗಲ್ಲ.

ಎರಡನೆಯದು ಕಲ್ಕತ್ತಾ. ಫುಟ್‌ಬಾಲಿಗೆ ಹಣವೂ ಹೆಸರೂ ಅಲ್ಲಿತ್ತು. ನಮ್ಮ ಒಳ್ಳೆಯ ಹುಡುಗರೆಲ್ಲ ರೈಲು ಹತ್ತಿದರು. ಅಹ್ಮದ್ ಖಾನ್ ಅವರನ್ನೇ ತೆಗೆದುಕೊಳ್ಳಿ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. 1948, 1952 ಎರಡೂ ಒಲಿಂಪಿಕ್ಸ್ ಆಡಿದವರು. 1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು 1-0ರಲ್ಲಿ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿದ್ದವರು. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೋಸ್ಲಾವಿಯಾ ಎದುರು ಭಾರತ 10-1ರಲ್ಲಿ ಸೋತಿತಲ್ಲ, ಆ ಒಂದು ಗೋಲು ಅವರದ್ದು. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಈ ಐವರನ್ನು ಅಲ್ಲಿನ ಜನ 'ಪಂಚಪಾಂಡವರು' ಅಂತ ಕರೆದರು. ಐವರೂ ದಕ್ಷಿಣದವರು. ಇವರ ಕಾಲದಲ್ಲಿ ಈಸ್ಟ್ ಬೆಂಗಾಲ್ 1949, 1950, 1951 ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಪಂದ್ಯಾವಳಿ ಗೆದ್ದಿತು. ಚೆಂಡನ್ನು ಕಾಲಲ್ಲಿ ಆಡಿಸುವ ಪರಿ ನೋಡಿ ಅಹ್ಮದ್ ಖಾನ್‌ಗೆ 'ಹಾವಾಡಿಗ' ಅನ್ನುವ ಹೆಸರೂ ಬಿತ್ತು. ಅವರು ತೀರಿಕೊಂಡದ್ದು 2017ರ ಆಗಸ್ಟ್‌ನಲ್ಲಿ. ಅಂದರೆ ಇವತ್ತು ಕಾಲೇಜಿನಲ್ಲಿರುವ ಹುಡುಗರು ಶಾಲೆಗೆ ಹೋಗುತ್ತಿದ್ದಾಗ ಅವರು ನಮ್ಮ ನಡುವೆ ಬದುಕಿದ್ದರು. ಕಲ್ಕತ್ತಾದಲ್ಲಿ ಅವರು ದಂತಕತೆ. ಇಲ್ಲಿನ ಮಕ್ಕಳಿಗೆ ಆ ಹೆಸರೇ ಹೊಸದು.

1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4-2ರಲ್ಲಿ ಸೋಲಿಸಿ ಭಾರತ ಸೆಮಿಫೈನಲ್‌ಗೆ ಹೋಗಿ ನಾಲ್ಕನೆಯ ಸ್ಥಾನ ಪಡೆಯಿತು. ನಮ್ಮ ಫುಟ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಮುಟ್ಟಿದ ಎತ್ತರ ಅದೇ. ಆ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು, ಕಣ್ಣಯ್ಯನ್ ಇದ್ದರು. ನಡುಸಾಲಿನಲ್ಲಿ (ಹಾಫ್‌ಬ್ಯಾಕ್) ಆಡುತ್ತಿದ್ದ ಕೆಂಪಯ್ಯ 1960ರ ರೋಮ್ ಒಲಿಂಪಿಕ್ಸ್‌ಗೂ ಹೋದರು. ಕೆಂಪಯ್ಯ! ಹಳೇ ಮೈಸೂರಿನ ಯಾವ ಹಳ್ಳಿಯಲ್ಲಾದರೂ ಕೇಳುವ ಹೆಸರು, ಎರಡು ಒಲಿಂಪಿಕ್ಸ್. ಇದು ಶಾಲೆಯ ಪಾಠದಲ್ಲಿ ಇರಬೇಕಾದ ವಿಷಯ ಅಲ್ವಾ? 1962ರಲ್ಲಿ ಜಕಾರ್ತಾದಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಅವರೂ ಮೋಹನ್ ಬಗಾನ್‌ನ ಆಟಗಾರರಾಗಿಯೇ ಹೆಸರಾದರು.

ಮೂರನೆಯ ಕಾರಣವನ್ನು ಹೇಳಲು ಸ್ವಲ್ಪ ಕಷ್ಟ, ಆದರೆ ಹೇಳಬೇಕು. ದಂಡಿನ ಮನೆಗಳಲ್ಲಿ ತಮಿಳು, ಉರ್ದು, ಇಂಗ್ಲಿಷ್ ಮಾತು. ಕನ್ನಡ ಬರೆಯುವವರು, ಓದುವವರು ಬಹುಮಟ್ಟಿಗೆ ಪೇಟೆಯ ಕಡೆ. 1947ರ ಜುಲೈನಲ್ಲಿ ದಂಡು ಮೈಸೂರಿಗೆ ಮರಳಿತು, ಆದರೆ ಮನಸ್ಸಿನಲ್ಲಿದ್ದ ಗಡಿ ಅಷ್ಟು ಬೇಗ ಹೋಗಲಿಲ್ಲ. ಅರುಮೈನಾಯಗಂ, ಅಹ್ಮದ್ ಖಾನ್, ಕಾರ್ಲ್ಟನ್ ಚಾಪ್‌ಮನ್ ಇವರೆಲ್ಲ 'ನಮ್ಮವರು' ಅಂತ ಕನ್ನಡದಲ್ಲಿ ಎದೆ ತಟ್ಟಿ ಬರೆದವರು ಕಡಿಮೆ. ಅವರು ಎದೆಯ ಮೇಲೆ ನಮ್ಮ ರಾಜ್ಯದ ಹೆಸರು ಹೊತ್ತು ಆಡಿದರು. ನಮ್ಮವರು ಅನ್ನಲು ಇದಕ್ಕಿಂತ ಬೇರೆ ಯಾವ ಗುರುತು ಬೇಕು?

ಇದರ ಜೊತೆಗೆ ಕಾಲವೂ ಕೈಕೊಟ್ಟಿತು. 1969ರಲ್ಲಿ ಮೈಸೂರು ಕೊನೆಯ ಸಲ ಸಂತೋಷ್ ಟ್ರೋಫಿ ಎತ್ತಿತು. 1974ರಲ್ಲಿ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಇದ್ದ ಕರ್ನಾಟಕ, ಬೊಂಬಾಯಿಯ 15 ವರ್ಷದ ಸರಪಳಿ ಮುರಿದು ರಣಜಿ ಗೆದ್ದಿತು. ಆ ಗೆಲುವು ಎಷ್ಟು ದೊಡ್ಡದು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಊರಿನ ಕಣ್ಣು ಅಲ್ಲಿಂದ ಕ್ರಿಕೆಟ್ ಕಡೆ ತಿರುಗಿತು. 1983ರ ವಿಶ್ವಕಪ್, ಮನೆಮನೆಗೆ ಟಿ.ವಿ. ಬಂದಮೇಲೆ ಕೇಳುವುದೇ ಬೇಡ.

ಫುಟ್‌ಬಾಲನ್ನು ಆ ನಡುವೆ ಹಿಡಿದು ನಿಲ್ಲಿಸಿದ್ದು ಸರ್ಕಾರಿ ಕಾರ್ಖಾನೆಗಳು. ಎಚ್‌ಎಎಲ್, ಟೆಲಿಫೋನ್ ಮಾಡುವ ಐಟಿಐ, ಬಿಇಎಲ್. ಜೊತೆಗೆ ರಕ್ಷಣಾ ಪ್ರಯೋಗಾಲಯ ಎಲ್‌ಆರ್‌ಡಿಇ, ಸೈನ್ಯದ ಎಂಇಜಿ. ಚೆನ್ನಾಗಿ ಆಡುವ ಹುಡುಗನಿಗೆ ಅಲ್ಲಿ ಕೆಲಸ ಸಿಗುತ್ತಿತ್ತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ಕ್ಯಾಂಟೀನ್ ಊಟ, ತಿಂಗಳಿಗೆ ಸಂಬಳ, ವಯಸ್ಸಾದ ಮೇಲೆ ಪಿಂಚಣಿ. 'ಬಾಲ್ ಒದ್ದರೆ ಹೊಟ್ಟೆ ತುಂಬುತ್ತಾ?' ಅಂತ ಕೇಳುವ ಅಮ್ಮನಿಗೆ ಕೊಡಲು ಒಂದು ಉತ್ತರ ಇತ್ತು. 1990ರ ದಶಕದ ನಂತರ ಈ ನೇಮಕಾತಿ ಕರಗುತ್ತಾ ಬಂತು. ಉತ್ತರವೂ ಕರಗಿತು. ಪಕ್ಕದ ಮನೆಯಲ್ಲಿ ಒಬ್ಬ ಎಚ್‌ಎಎಲ್ ಆಟಗಾರ ಇದ್ದು, ಸಂಜೆ ಯೂನಿಫಾರ್ಮ್‌ನಲ್ಲೇ ಹುಡುಗರ ಜೊತೆ ಎರಡು ಒದೆ ಒದ್ದು ಒಳಗೆ ಹೋಗುತ್ತಿದ್ದ ಕಾಲ ಹೋಯಿತು. ಫುಟ್‌ಬಾಲ್ ಒಬ್ಬರ ಕಾಲಿಂದ ಇನ್ನೊಬ್ಬರ ಕಾಲಿಗೆ ದಾಟುತ್ತಿದ್ದದ್ದು ಹೀಗೇ. ಆ ಕೊಂಡಿ ಕಳಚಿದಾಗ ಹೆಸರುಗಳೂ ಕಳಚಿಹೋದವು.

ಮಗುವಿಗೆ ಮೆಸ್ಸಿ ಇದ್ದಾರಲ್ಲ, ರಾಮನ್ ಯಾಕೆ ಬೇಕು ಅಂತ ನೀವು ಕೇಳಬಹುದು. ಮೆಸ್ಸಿಯನ್ನು ನೋಡಿ ಮಗು ಆಟವನ್ನು ಪ್ರೀತಿಸುತ್ತದೆ, ಅದು ನಿಜ. ಆದರೆ ಮೆಸ್ಸಿ ಹತ್ತಿದ ಮೆಟ್ಟಿಲು ಆಸ್ಟಿನ್ ಟೌನ್‌ನಲ್ಲಿ ಇಲ್ಲ. ಚಾಪ್‌ಮನ್ ಹತ್ತಿದ ಮೆಟ್ಟಿಲು ಇದೆ. 1971ರಲ್ಲಿ ಹುಟ್ಟಿ ಇದೇ ಆಸ್ಟಿನ್ ಟೌನ್‌ನಲ್ಲಿ ಬೆಳೆದ ಹುಡುಗ. ಇಲ್ಲಿಂದ ಟಾಟಾ ಫುಟ್‌ಬಾಲ್ ಅಕಾಡೆಮಿ. ಅಲ್ಲಿಂದ ಈಸ್ಟ್ ಬೆಂಗಾಲ್. ಅಲ್ಲಿ 1993ರಲ್ಲಿ ಇರಾಕ್‌ನ ಅಲ್ ಜವ್ರಾ ಕ್ಲಬ್ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಗೋಲು. ಆಮೇಲೆ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ತಂಡ. ಭಾರತದ ನಾಯಕತ್ವ. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್‌ಗೆ ರಾಷ್ಟ್ರೀಯ ಲೀಗ್. 2020ರ ಅಕ್ಟೋಬರ್‌ನಲ್ಲಿ 49ನೇ ವಯಸ್ಸಿಗೇ ಹೋಗಿಬಿಟ್ಟರು. ಈ ಕತೆಯ ಒಂದೊಂದು ಹೆಜ್ಜೆಯನ್ನೂ ಮಗು ಎಣಿಸಬಹುದು. ಯಾವ ವಯಸ್ಸಿಗೆ ಮನೆ ಬಿಡಬೇಕು, ಎಲ್ಲಿಗೆ ಹೋಗಬೇಕು, ಅಲ್ಲಿ ಏನು ಕಲಿಯಬೇಕು ಅಂತ ಕೇಳಬಹುದು. 'ಇಲ್ಲಿಂದ ಅಲ್ಲಿಗೆ ದಾರಿ ಇದೆ' ಅನ್ನುವ ನಂಬಿಕೆ ಬರುವುದು ಹತ್ತಿರದವರನ್ನು ನೋಡಿದಾಗ ಮಾತ್ರ.

ನೆನೆಯುವುದಕ್ಕೂ ಒಂದು ರೀತಿ ಇದೆ. ಪದಕಗಳ ಪಟ್ಟಿ ಓದಿದರೆ ಮಕ್ಕಳು ಆಕಳಿಸುತ್ತಾರೆ. ನಾನೇ ನೋಡಿದ್ದೇನೆ. ಆಟದ ಗುಣ ಹೇಳಿದರೆ ಎದ್ದು ಕೂರುತ್ತಾರೆ. ಒಂದು ಭಾನುವಾರ ಬರಿಗಾಲಿನ ಆಟದ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗ ಬೂಟಿನ ದಾರ ಬಿಚ್ಚುತ್ತಿದ್ದ. ಸಾಕ್ಸ್ ಕಳಚಿ ಬೂಟಿನೊಳಗೆ ತುರುಕಿದ. ಹಿಂದಿನ ರಾತ್ರಿ ಮಳೆ ಬಿದ್ದು ಮಣ್ಣು ತಂಪಾಗಿತ್ತು. ಮೊದಲ ಒದೆತಕ್ಕೆ "ಆಯ್ಯೋ" ಅಂದ, ಬೆರಳಿಗೆ ತಾಗಿತು. ಎರಡನೆಯ ಸಲ ಪಾದ ಒಳಕ್ಕೆ ತಿರುಗಿಸಿದ. ಹತ್ತು ನಿಮಿಷದಲ್ಲಿ ಅವನ ಪಾಸುಗಳು ನೆಲಕ್ಕೆ ಅಂಟಿಕೊಂಡು ಓಡತೊಡಗಿದವು. "ಸರ್, ಬಾಲ್ ಎಲ್ಲಿದೆ ಅಂತ ನೋಡೋದೇ ಬೇಡ, ಕಾಲಿಗೇ ಗೊತ್ತಾಗತ್ತೆ" ಅಂದ. ನಾನು ಆರು ತಿಂಗಳಿಂದ ಹೇಳಿಕೊಡಲು ಒದ್ದಾಡುತ್ತಿದ್ದದ್ದು ಅದೇ.

ಹಾಗಾಗಿ ನಾವೊಂದು ದಪ್ಪ ನೋಟ್‌ಬುಕ್ ಇಟ್ಟಿದ್ದೇವೆ. ಮಕ್ಕಳು ತಮ್ಮ ಬೀದಿಯಲ್ಲಿ ಹಿಂದೆ ಆಡುತ್ತಿದ್ದ ಹಿರಿಯರನ್ನು ಹುಡುಕಿಕೊಂಡು ಹೋಗುತ್ತಾರೆ. ಯಾವ ಜಾಗದಲ್ಲಿ ಆಡುತ್ತಿದ್ದಿರಿ, ಎಡಗಾಲೋ ಬಲಗಾಲೋ, ಮೊದಲ ಬೂಟು ಯಾರು ಕೊಡಿಸಿದರು, ಯಾರ ಎದುರು ಆಡಲು ಭಯ ಆಗುತ್ತಿತ್ತು: ಇಂಥ ಪ್ರಶ್ನೆ. 'ನಿಮ್ಮ ಸಾಧನೆ ಹೇಳಿ' ಅಂದರೆ ತಾತಂದಿರು ಸಂಕೋಚದಿಂದ ಸುಮ್ಮನಾಗುತ್ತಾರೆ. 'ಯಾರ ಎದುರು ಭಯ' ಅಂದರೆ ಸಂಜೆಯವರೆಗೂ ಮಾತಾಡುತ್ತಾರೆ. ತಂಡದ ಫೋಟೊ ಸಿಕ್ಕರೆ ಅವರೆದುರೇ ಮೊಬೈಲ್‌ನಲ್ಲಿ ತೆಗೆದು, ಮೂಲ ಫೋಟೊ ಅಲ್ಲೇ ವಾಪಸ್. ನಿಂತಿರುವವರು, ಕೂತಿರುವವರು, ಎಡದಿಂದ ಬಲಕ್ಕೆ ಎಲ್ಲರ ಹೆಸರು ಆ ಕ್ಷಣವೇ ಬರೆದುಕೊಳ್ಳಬೇಕು. ಇದರಲ್ಲಿ ತಡ ಮಾಡಬಾರದು. ಆ ಮುಖಗಳಿಗೆ ಹೆಸರು ಹೇಳಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. 1952ರ ಒಲಿಂಪಿಕ್ಸ್ ಆಡಿದ ಷಣ್ಮುಗಂ 2012ರಲ್ಲಿ ಹೋದರು. 1984ರ ನೆಹರೂ ಕಪ್‌ನಲ್ಲಿ ಅರ್ಜೆಂಟೀನಾ ಎದುರು ಭಾರತದ ಅಂಗಿ ಮೊದಲ ಸಲ ತೊಟ್ಟ ಬೆಂಗಳೂರಿನ ಬಾಬು ಮಣಿ 2022ರಲ್ಲಿ.

ನೆನಪನ್ನು ದಾಖಲೆಯ ಜೊತೆ ತಾಳೆ ನೋಡುವುದೂ ಮುಖ್ಯ. ಒಲಿಂಪಿಕ್ಸ್ ತಂಡಗಳ ಪಟ್ಟಿ ಇದೆ, ಹಳೆಯ ಪತ್ರಿಕೆಗಳಿವೆ, ಕಲ್ಕತ್ತಾ ಕ್ಲಬ್ಬುಗಳ ಪುಸ್ತಕಗಳಿವೆ. ಹುಡುಕುವಾಗ 'ಮೈಸೂರು' ಅಂತ ಹುಡುಕಬೇಕು, ಇದನ್ನು ಮರೆಯಬೇಡಿ. ಹುಡುಗಿಯರ ಪುಟವನ್ನು ಬೇರೆಯಾಗಿ ತೆರೆಯಿರಿ, ಯಾಕೆಂದರೆ ಅವರ ದಾಖಲೆ ಇನ್ನೂ ತೆಳು. ಭಾರತದ ಮಹಿಳಾ ತಂಡ 1980ರ ಆಸುಪಾಸಿನಲ್ಲಿ ಎರಡು ಸಲ ಏಷ್ಯಾ ಫೈನಲ್ ತಲುಪಿತ್ತು ಅಂದರೆ ಇವತ್ತಿನ ಹುಡುಗಿಯರು ನಂಬುವುದಿಲ್ಲ. ಆ ಕಾಲದಲ್ಲಿ ಭಾರತಕ್ಕೆ ಆಡಿದವರಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಇದ್ದಾರೆ. ನಮ್ಮ ಗುಂಪಿನ ಮೂವರು ಹುಡುಗಿಯರು ಆ ಹೆಸರನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆದಿದ್ದಾರೆ.

ನೋಟ್‌ಬುಕ್ಕಿನಲ್ಲಿ ಹೊಸ ಪುಟಗಳೂ ಇವೆ. 2023ರ ಮಾರ್ಚ್ 4ರಂದು ಸೌದಿಯ ರಿಯಾದ್‌ನಲ್ಲಿ ಕರ್ನಾಟಕ, ಮೇಘಾಲಯವನ್ನು 3-2ರಲ್ಲಿ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಕರ್ನಾಟಕ ಅನ್ನುವ ಹೆಸರಿಗೆ ಅದೇ ಮೊದಲನೆಯದು. ಮೊನ್ನೆ ಮಕ್ಕಳನ್ನು ಕೇಳಿದೆ, ಆ ಮೂರು ಗೋಲು ಯಾರದ್ದು? ಒಬ್ಬರಿಗೂ ನೆನಪಿರಲಿಲ್ಲ. ಆಗ ಬರಿಗಾಲಲ್ಲಿ ಆಡಿದ ಆ ಹುಡುಗ ನೋಟ್‌ಬುಕ್ ಎಳೆದುಕೊಂಡು, ನಾನು ಹೇಳಿದ ಹಾಗೆ ಬರೆದ: ಸುನಿಲ್ ಕುಮಾರ್, ಬೆಕಿ ಓರಮ್, ರಾಬಿನ್ ಯಾದವ್. ಮೂರು ಹೆಸರಿನ ಮುಂದೆಯೂ ಒಂದೊಂದು ಖಾಲಿ ಗೆರೆ ಎಳೆದ. "ಇದು ಯಾಕೋ?" ಅಂದೆ. "ಎಡಗಾಲಾ ಬಲಗಾಲಾ ಅಂತ ಕೇಳ್ಕೊಂಡು ಬರಿಬೇಕು ಸರ್" ಅಂದ.